ಏರಿನಲ್ಲಿ ಗಾಡಿ ಎಳೆಯಲ್ವಾ? ಕ್ಲಚ್ ಪ್ಲೇಟ್ ಬದಲಿಸುವ ಮೊದಲು ಇಷ್ಟು ನೋಡಿ

ತೀರ್ಥಹಳ್ಳಿ: ರೈಸ್ ಮಾಡಿದ್ರೆ ಇಂಜಿನ್ ಕೂಗ್ತದೆ, ಗಾಡಿ ಮಾತ್ರ ಮುಂದೆ ಹೋಗಲ್ಲ. ಅಥವಾ ಪೇಟೆ ಮಧ್ಯೆ ನಿಂತಾಗ ನ್ಯೂಟ್ರಲ್ ಬೀಳಲ್ಲ, ಕ್ಲಚ್ ಹಿಡಿದಿದ್ರೂ ಬೈಕು ಮುಂದಕ್ಕೆ ತಳ್ಳುತ್ತದೆ. ಈ ಎರಡರಲ್ಲಿ ಯಾವುದು ಬಂದರೂ ನಮ್ಮ ಕಡೆ ಮೊದಲು ಬರುವ ಮಾತು ಒಂದೇ: "ಪ್ಲೇಟ್ ಹೋಗಿದೆ, ಬಿಚ್ಚಬೇಕು." ಪ್ಲೇಟ್ ಹೋಗಿರಬಹುದು. ಆದರೆ ಬಹಳ ಸಲ ಕ್ಲಚ್ ವೈರನ್ನು ಸ್ವಲ್ಪ ಬಿಗಿ ಅಥವಾ ಸಡಿಲ ಮಾಡಿದರೆ, ಇಲ್ಲವೇ ಸರಿಯಾದ ಆಯಿಲ್ ಹಾಕಿದರೆ ಮುಗಿಯುವ ಕೆಲಸ ಅದು. ವೈರಿನ ಖರ್ಚು ನೂರರ ಲೆಕ್ಕ, ಪ್ಲೇಟ್ ಕೆಲಸ ಸಾವಿರದ ಲೆಕ್ಕ.

ಇದನ್ನು ಬರೆಯುತ್ತಿರುವವನು ದುಡ್ಡು ಕಳ್ಕೊಂಡೇ ಕಲಿತದ್ದು. ಹೆಬ್ರಿ ಕಡೆಯಿಂದ ವಾಪಸ್ ಬರುವಾಗ ಆಗುಂಬೆ ಘಾಟಿಯ ತಿರುವಿನಲ್ಲಿ ಗಾಡಿ ಎಳೆಯೋದು ನಿಲ್ಲಿಸಿತು. ಹಿಂದೆ ಕೂತವರನ್ನು ಇಳಿಸಿ ನಡೆಸಿಕೊಂಡು ಬಂದೆ. ಮಾರನೇ ದಿನ ಪ್ಲೇಟ್ ಹೊಸದು ಬಿತ್ತು. ತಿಂಗಳು ತುಂಬುವುದರೊಳಗೆ ಮತ್ತೆ ಅದೇ ಕತೆ. ಆಮೇಲೆ ಗೊತ್ತಾಯ್ತು, ಮನೆಯಲ್ಲಿ ಉಳಿದಿದ್ದ ಕಾರಿನ ಆಯಿಲ್ಲನ್ನು ನಾನೇ ಬೈಕಿಗೆ ಸುರಿದಿದ್ದೆ. ಪ್ಲೇಟ್ ಬದಲಿಸುವಾಗ ಬಸಿದ ಆಯಿಲ್ಲನ್ನೇ ವಾಪಸ್ ಹಾಕಿ ಅಂತ ಹೇಳಿದವನೂ ನಾನೇ, ಉಳಿತಾಯ ಅಂತ! ಬೈಕಿನ ಆಯಿಲ್ ಹಾಕಿ, ಎರಡು ಸಲ ಬದಲಿಸಿದ ಮೇಲೆ ಗಾಡಿ ದಾರಿಗೆ ಬಂತು. ಹಳೇ ಪ್ಲೇಟ್ ಚೆನ್ನಾಗಿಯೇ ಇತ್ತೋ ಏನೋ, ನೋಡದೆ ಗುಜರಿಗೆ ಹಾಕಿಯಾಗಿತ್ತು.

ಕ್ಲಚ್ ಒಳಗೆ ಏನಿದೆ ಅಂತ ಒಂದು ಮಾತು. ಇಂಜಿನ್ನಿನ ಪಕ್ಕದ ಕವರಿನೊಳಗೆ ಆಯಿಲ್ಲಿನಲ್ಲಿ ಮುಳುಗಿಕೊಂಡು ಬಿಲ್ಲೆಗಳ ಸಾಲು ಇರುತ್ತದೆ. ಸ್ಪ್ರಿಂಗ್‌ಗಳು ಅವನ್ನು ಒತ್ತಿ ಹಿಡಿದಿರುತ್ತವೆ, ಆಗ ಇಂಜಿನ್ ಶಕ್ತಿ ಗೇರಿಗೆ ಹೋಗುತ್ತದೆ. ಲಿವರ್ ಎಳೆದರೆ ಒತ್ತಡ ಬಿಟ್ಟು ಬಿಲ್ಲೆಗಳು ಬೇರೆಯಾಗುತ್ತವೆ. ಹಾಗಾಗಿ ಕ್ಲಚ್ಚಿಗೆ ಬರುವ ಕಾಯಿಲೆ ಮುಖ್ಯವಾಗಿ ಎರಡು. ಪೂರ್ತಿ ಹಿಡಿಯದೆ ಜಾರುವುದು ಒಂದು, ಪೂರ್ತಿ ಬಿಡದೆ ಅಂಟಿಕೊಳ್ಳುವುದು ಇನ್ನೊಂದು. ವೈರ್ ತೀರಾ ಬಿಗಿಯಾದರೆ ಮೊದಲನೆಯದು, ತೀರಾ ಸಡಿಲವಾದರೆ ಎರಡನೆಯದು.

ಮೊದಲು ಲಿವರ್ ನೋಡಿ

ಇಂಜಿನ್ ಬಂದ್ ಮಾಡಿ, ಕ್ಲಚ್ ಲಿವರಿನ ತುದಿಯನ್ನು ಒಂದು ಬೆರಳಿನಿಂದ ಮೆಲ್ಲಗೆ ಎಳೆಯಿರಿ. ಶುರುವಿನಲ್ಲಿ ಸ್ವಲ್ಪ ದೂರ ಖಾಲಿ ಬರಬೇಕು, ಆಮೇಲೆ ಬಿಗಿ ಸಿಗಬೇಕು. ಆ ಖಾಲಿ ದೂರಕ್ಕೆ ಮೆಕ್ಯಾನಿಕ್‌ಗಳು ಪ್ಲೇ ಅಂತಾರೆ. ನಮ್ಮಲ್ಲಿ ಓಡುವ ಹೆಚ್ಚಿನ ಗಾಡಿಗಳಲ್ಲಿ ಅದು ಲಿವರ್ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಇರಬೇಕು, ಅಂದಾಜಿಗೆ ಹೆಬ್ಬೆರಳ ಉಗುರಿನ ಉದ್ದ. ನಿಮ್ಮ ಗಾಡಿಯ ಸರಿಯಾದ ಅಳತೆ ಜೊತೆಗೆ ಕೊಟ್ಟ ಪುಸ್ತಕದಲ್ಲಿರುತ್ತದೆ.

ಪ್ಲೇ ಇಲ್ಲವೇ ಇಲ್ಲ ಅಂದ್ರೆ ನೀವು ಕೈ ಬಿಟ್ಟಿದ್ದರೂ ಕ್ಲಚ್ ಅರ್ಧ ಹಿಡಿದ ಹಾಗೇ. ಪ್ಲೇಟ್ ಜಾರುತ್ತಾ ಬಿಸಿಯಾಗಿ ಸವೆಯುತ್ತದೆ. ಪ್ಲೇಟ್ ಸವೆದ ಹಾಗೆಲ್ಲ ಪ್ಲೇ ಇನ್ನಷ್ಟು ಕಡಿಮೆಯಾಗುತ್ತದೆ, ಅದಕ್ಕೇ ಒಮ್ಮೆ ಸರಿ ಮಾಡಿಸಿದ್ದು ಸಾಕು ಅಂತ ಬಿಡೋ ಹಾಗಿಲ್ಲ. ಲಿವರ್ ಬುಡದಲ್ಲಿ ಕೈಯಲ್ಲೇ ತಿರುಗುವ ಅಡ್ಜಸ್ಟರ್ ಇದೆ. ಲಾಕ್ ನಟ್ ಸಡಿಲಿಸಿ ಅಡ್ಜಸ್ಟರನ್ನು ಒಳಕ್ಕೆ ತಿರುಗಿಸಿದರೆ ಪ್ಲೇ ಹೆಚ್ಚುತ್ತದೆ, ಹೊರಕ್ಕೆ ತಿರುಗಿಸಿದರೆ ಕಡಿಮೆಯಾಗುತ್ತದೆ. ಅಲ್ಲಿ ಸಾಲದಿದ್ದರೆ ಇಂಜಿನ್ ಕಡೆಯ ತುದಿಯಲ್ಲಿ ಇನ್ನೊಂದಿದೆ, ಅದಕ್ಕೆ ಸ್ಪ್ಯಾನರ್ ಬೇಕು. ಕೊನೆಗೆ ಹ್ಯಾಂಡಲ್ಲನ್ನು ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸಿ ನೋಡಿ. ತಿರುಗಿಸಿದಾಗ ಪ್ಲೇ ಬದಲಾದರೆ ವೈರ್ ಎಲ್ಲೋ ಸಿಕ್ಕಿಕೊಂಡಿದೆ ಅಂತ ಲೆಕ್ಕ.

ಲಿವರ್ ಗಟ್ಟಿ ಅನ್ನಿಸಿದರೆ ಮಳೆ ನೀರು, ಕೆಸರು ವೈರಿನೊಳಗೆ ಇಳಿದಿರುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಇದು ಮಾಮೂಲು. ಮೇಲಿನ ತುದಿ ಬಿಚ್ಚಿ ಎಣ್ಣೆ ಇಳಿಸಿದರೆ ಹಗುರಾಗುತ್ತದೆ. ತುದಿಯಲ್ಲಿ ಒಂದೇ ಒಂದು ಎಳೆ ಬಿಚ್ಚಿಕೊಂಡಿದ್ದರೂ ವೈರ್ ಬದಲಿಸಿಬಿಡಿ.

ಆಯಿಲ್ ಡಬ್ಬಿಯ ಹಿಂಭಾಗ

ಕಾರಿನ ಕ್ಲಚ್ ಒಣಗಿರುತ್ತದೆ, ಇಂಜಿನ್ ಆಯಿಲ್ ಅದಕ್ಕೆ ತಾಗುವುದಿಲ್ಲ. ಹಾಗಾಗಿ ಕಾರಿನ ಆಯಿಲ್ಲಿಗೆ ಜಾರುವ ಗುಣ ಹೆಚ್ಚಿಸುವ ರಾಸಾಯನಿಕ ಸೇರಿಸಿರುವುದುಂಟು. ಬೈಕಿನಲ್ಲಿ ಇಂಜಿನ್, ಗೇರ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್. ಆ ಜಾರುವ ಗುಣ ಕ್ಲಚ್ಚಿಗೆ ಬಂದರೆ ಆಯ್ತು, ಏರಿನಲ್ಲಿ ಗಾಡಿ ಹತ್ತಲ್ಲ. ಡಬ್ಬಿ ತಗೊಳ್ಳುವಾಗ ಹಿಂದೆ ತಿರುಗಿಸಿ, ಜೆ-ಎ-ಎಸ್-ಒ ಅಂತ ನಾಲ್ಕು ಇಂಗ್ಲಿಷ್ ಅಕ್ಷರ ಹುಡುಕಿ. ಅದು ಜಪಾನಿನವರು ಬೈಕ್ ಆಯಿಲ್ಲಿಗೆ ಮಾಡಿದ ದರ್ಜೆ. ಪಕ್ಕದಲ್ಲಿ ಎಂಎ ಅಥವಾ ಎಂಎ2 ಅಂತ ಇದ್ದರೆ ಗೇರ್ ಬೈಕಿಗೆ ಸರಿ. ಎಂಬಿ ಅಂತ ಇದ್ದರೆ ಅದು ಸ್ಕೂಟರಿಗೆ. ಸಾಮಾನು ತರೋಕೆ ಎಕ್ಸೆಲ್ ಇಟ್ಟುಕೊಂಡ ಅಂಗಡಿಯವರಿಗೆ ಈ ತಲೆನೋವಿಲ್ಲ, ಅದರಲ್ಲಿ ಕ್ಲಚ್ ಲಿವರೂ ಇಲ್ಲ, ಗೇರೂ ಇಲ್ಲ.

ಪ್ಲೇ ಸರಿ ಇದೆ, ಆಯಿಲ್ಲೂ ಸರಿ ಇದೆ, ಆದರೂ ಜಾರುತ್ತಿದೆಯೇ ಅಂತ ತಿಳಿಯಲು ಖಾಲಿ ಸಮತಟ್ಟು ರಸ್ತೆಯಲ್ಲಿ ಟಾಪ್ ಗೇರಿನಲ್ಲಿ 40ರ ವೇಗದಲ್ಲಿ ಹೋಗುತ್ತಾ ಒಮ್ಮೆಲೇ ರೈಸ್ ಕೊಡಿ. ಸದ್ದು ಏರಿ ವೇಗ ಏರದಿದ್ದರೆ ಈಗ ಪ್ಲೇಟ್, ಸ್ಪ್ರಿಂಗ್ ನೋಡಬೇಕು. ಬಿಚ್ಚುವಾಗ ಎದುರಿಗೇ ನಿಲ್ಲಿ. ಸ್ಟೀಲ್ ಬಿಲ್ಲೆ ನೀಲಿ ಬಣ್ಣಕ್ಕೆ ತಿರುಗಿದ್ದರೆ ಸುಟ್ಟಿದೆ ಅಂತ ಅರ್ಥ. ಗಾಜಿನ ಮೇಲಿಟ್ಟು ನೋಡಿದರೆ ಸೊಟ್ಟ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಫೈಬರ್ ಬಿಲ್ಲೆಯ ದಪ್ಪ ಅಳೆಯೋಕೆ ಹೇಳಿ. ಹೊಸ ಬಿಲ್ಲೆಯನ್ನು ಆಯಿಲ್ಲಿನಲ್ಲಿ ನೆನೆಸಿ ಕೂರಿಸಬೇಕು, ಬಸಿದ ಆಯಿಲ್ ಮತ್ತೆ ಬೇಡ.

ಗೇರ್ ಬೀಳದಿದ್ದರೆ

ಸೆಂಟರ್ ಸ್ಟ್ಯಾಂಡ್ ಹಾಕಿ, ಇಂಜಿನ್ ಶುರು ಮಾಡಿ, ಕ್ಲಚ್ ಪೂರ್ತಿ ಹಿಡಿದು ಫಸ್ಟ್ ಗೇರ್ ಹಾಕಿ. ಹಿಂದಿನ ಚಕ್ರ ನಿಧಾನ ತಿರುಗುವುದು ಸಹಜ, ಕಾಲು ಬ್ರೇಕ್ ಮುಟ್ಟಿದರೆ ನಿಲ್ಲಬೇಕು. ಬ್ರೇಕ್ ಒತ್ತಿದಾಗ ಇಂಜಿನ್ನೇ ಬಂದ್ ಆದರೆ ಕ್ಲಚ್ ಬಿಡುತ್ತಿಲ್ಲ. ಪ್ಲೇ ಕಡಿಮೆ ಮಾಡಿ ಮತ್ತೆ ನೋಡಿ. ಮಕ್ಕಳನ್ನು, ಸೀರೆ ಸೆರಗನ್ನು ಚಕ್ರದಿಂದ ದೂರ ಇಡಿ. ಬೆಳಗಿನ ಚಳಿಯಲ್ಲಿ ಮೊದಲ ಗೇರ್ ಮಾತ್ರ ಟಕ್ ಅಂತ ಬಿದ್ದರೆ ಬಿಲ್ಲೆಗಳು ರಾತ್ರಿ ಅಂಟಿಕೊಂಡಿರುತ್ತವೆ. ಹೊರಡುವ ಮೊದಲು ನಾಲ್ಕು ಸಲ ಲಿವರ್ ಹಿಡಿದು ಬಿಟ್ಟರೆ ಸಾಕು.

ಇಂಜಿನ್ ಬಂದ್ ಇದ್ದಾಗ ಗೇರ್ ಬದಲಾಗಲ್ಲ ಅನ್ನೋದು ರಿಪೇರಿಯೇ ಅಲ್ಲ. ಗಾಡಿಯನ್ನು ಹಿಂದೆ ಮುಂದೆ ಆಡಿಸಿದರೆ ಬೀಳುತ್ತದೆ. ಕಾಲಿನ ಗೇರ್ ಲಿವರ್ ಲೊಡಲೊಡ ಅಂದರೆ ಅದರ ಬುಡದ ಬೋಲ್ಟ್ ನೋಡಿ. ಅದು ಸಡಿಲವಾಗಿಯೇ ಓಡಿಸಿದರೆ ಹಲ್ಲು ಸವೆದು ಲಿವರ್ ಜೊತೆ ಶಾಫ್ಟಿಗೂ ಖರ್ಚು. ಚೈನ್ ಜೋತು ಬಿದ್ದಿದ್ದರೂ ಗೇರ್ ಹಾಕಿದಾಗ ಜರ್ಕ್ ಬರುತ್ತದೆ, ಅದನ್ನೂ ಗೇರಿನ ದೋಷ ಅಂದುಕೊಳ್ಳುವವರಿದ್ದಾರೆ.

ಓಡುತ್ತಿರುವಾಗ ಗೇರ್ ತಾನಾಗೇ ಹಾರಿ ನ್ಯೂಟ್ರಲ್ಲಿಗೆ ಬಂದರೆ ಮಾತ್ರ ಮನೆ ಮದ್ದಿಲ್ಲ. ಗೇರಿನ ಹಲ್ಲೋ ಫೋರ್ಕೋ ಸವೆದಿರುತ್ತದೆ, ಇಂಜಿನ್ ಇಳಿಸಬೇಕು. ಅಂಥ ಗಾಡಿಯಲ್ಲಿ ಘಾಟಿ ಇಳಿಯಬೇಡಿ. ಇಳಿಜಾರಿನಲ್ಲಿ ಗೇರ್ ಹಾರಿದರೆ ಇಂಜಿನ್ನಿನ ಹಿಡಿತ ತಪ್ಪಿ ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಕ್ಲಚ್ ಹಿಡಿದುಕೊಂಡೇ ಘಾಟಿ ಇಳಿಯುವವರಿಗೂ ಇದೇ ಅಪಾಯ. ಹತ್ತುವಾಗ ತಿರುವಿಗೆ ಮೊದಲೇ ಗೇರ್ ಇಳಿಸಿ, ತಿರುವಿನಲ್ಲಿ ಹಾಫ್ ಕ್ಲಚ್ ಹಿಡಿದು ಎಳೆಸಬೇಡಿ.

ದಾರಿಯಲ್ಲಿ ವೈರ್ ತುಂಡಾದರೆ

ನ್ಯೂಟ್ರಲ್‌ನಲ್ಲಿ ಶುರು ಮಾಡಿ, ಕಾಲಿನಿಂದ ತಳ್ಳಿ ಗಾಡಿ ಉರುಳುತ್ತಿರುವಾಗ ಫಸ್ಟ್ ಗೇರ್ ಹಾಕಿ, ಸಣ್ಣ ಜರ್ಕ್ ಹೊಡೆದು ಹೊರಡುತ್ತದೆ. ಮುಂದಿನ ಗೇರಿಗೆ ರೈಸ್ ಬಿಟ್ಟ ಕ್ಷಣದಲ್ಲೇ ಲಿವರ್ ಒತ್ತಿ. ನಿಲ್ಲಿಸುವ ಮೊದಲು ನ್ಯೂಟ್ರಲ್ಲಿಗೆ ತನ್ನಿ. ಒಬ್ಬರೇ ಇದ್ದು ರಸ್ತೆ ಖಾಲಿ ಇದ್ದರೆ ಹತ್ತಿರದ ಊರು ಮುಟ್ಟುವಷ್ಟು ದೂರಕ್ಕೆ ಇದು ಸಾಕು, ಪೇಟೆಯೊಳಗೆ ಮತ್ತು ಘಾಟಿಯಲ್ಲಿ ಬೇಡವೇ ಬೇಡ. ಶಿವಮೊಗ್ಗಕ್ಕೆ ಸಾಮಾನು ತರೋಕೆ ಓಡಾಡುವವರು ಒಂದು ಹೊಸ ವೈರನ್ನು ಹಳೆಯದರ ಪಕ್ಕದಲ್ಲೇ ಕಟ್ಟಿಸಿ ಇಟ್ಟುಕೊಳ್ಳಬಹುದು. ತುಂಡಾದ ಜಾಗದಲ್ಲೇ ಎರಡು ತುದಿ ಸಿಕ್ಕಿಸಿದರೆ ಆಯ್ತು.