ಬಾಡಿಗೆಯ ರೆಕ್ಕೆಗಳು

ಶಹಾಪುರದ ಸುತ್ತಣ ಕಾಲುವೆ ನೀರಾವರಿಯ ಹಳ್ಳಿಗಳಲ್ಲಿ ಬ್ಯಾಂಕಿನ ಸಾಲದಿಂದ ಬಂದ ಟ್ರ್ಯಾಕ್ಟರುಗಳು ಎಷ್ಟೋ ಇವೆ. ಸಾಲ ಕೊಟ್ಟ ಬ್ಯಾಂಕಿನ ಹೆಸರು ವಾಹನದ ನೋಂದಣಿ ಪತ್ರದ ಮೇಲೆಯೇ ನಮೂದಾಗಿರುತ್ತದೆ. ಸಾಲ ತೀರಿ, ಬ್ಯಾಂಕಿನ ಒಪ್ಪಿಗೆಯ ಚೀಟಿ ಯಾದಗಿರಿಯ ಸಾರಿಗೆ ಕಚೇರಿಗೆ ತಲಪಿದ ಮೇಲಷ್ಟೆ ಆ ಹೆಸರು ಅಳಿಯುವುದು. ಕೊಳ್ಳಲು ಬಂದವನು ಪತ್ರವನ್ನೊಮ್ಮೆ ತಿರುವಿ ನೋಡಿದರೆ ಸಾಕು, ಟ್ರ್ಯಾಕ್ಟರು ಅಡವಿನಲ್ಲಿದೆಯೋ ಇಲ್ಲವೋ ತಿಳಿದುಹೋಗುತ್ತದೆ. ಸಾಲಗಾರ ಕಂತು ತಪ್ಪಿಸಿದರೂ ಟ್ರ್ಯಾಕ್ಟರು ಹೋದರೆ ಎಲ್ಲಿಗೆ ಹೋದೀತು? ಹೆಚ್ಚೆಂದರೆ ಸುರಪುರದ ಸಂತೆಗೆ.

ವಿಮಾನದ ಪಾಡು ಹಾಗಲ್ಲ. ಅದು ಬೆಳಗ್ಗೆ ಬೆಂಗಳೂರಿನಲ್ಲಿದ್ದರೆ ಸಂಜೆ ದುಬೈಯಲ್ಲಿ. ಅದರ ಮಾಲೀಕ ಐರ್ಲೆಂಡಿನವನು. ಆ ಮಾಲೀಕನಿಗೆ ಸಾಲ ಕೊಟ್ಟ ಬ್ಯಾಂಕು ಜರ್ಮನಿಯದು. ಹಾರಿಸುವ ಕಂಪನಿ ಭಾರತದ್ದು. ನೂರಾರು ಕೋಟಿ ರೂಪಾಯಿ ಬೆಲೆಬಾಳುವ ಈ ಯಂತ್ರವನ್ನು ಸ್ವಂತ ಹಣದಿಂದ ಕೊಳ್ಳಬಲ್ಲ ಕಂಪನಿಗಳು ವಿರಳ. ಆದುದರಿಂದಲೇ ನಮ್ಮ ದೇಶದ ಪ್ರಯಾಣಿಕ ವಿಮಾನಗಳಲ್ಲಿ ಬಹುಪಾಲು ಲಾವಣಿಗೆ ತಂದವು. ಮಾಲೀಕನು ಬಾಡಿಗೆ ಎಣಿಸಿಕೊಳ್ಳುತ್ತಾನೆ. ಅವನಿಗೆ ಸಾಲ ಕೊಟ್ಟ ಬ್ಯಾಂಕು ವಿಮಾನವನ್ನೂ ಬರಲಿರುವ ಬಾಡಿಗೆಯನ್ನೂ ಅಡವಾಗಿ ಹಿಡಿದಿರುತ್ತದೆ.

ಬಾಡಿಗೆ ನಿಂತುಹೋದರೆ? ಆಗ ಏನಾಗುತ್ತದೆಂಬುದನ್ನು ಕನ್ನಡಿಗರು ಹತ್ತಿರದಿಂದಲೇ ಕಂಡಿದ್ದಾರೆ. ಬೆಂಗಳೂರಿನ ಮದ್ಯೋದ್ಯಮಿ ವಿಜಯ ಮಲ್ಯರ ಕಿಂಗ್‌ಫಿಷರ್ ಏರ್‌ಲೈನ್ಸ್ 2005ರ ಮೇ ತಿಂಗಳಲ್ಲಿ ಹಾರಾಟ ಆರಂಭಿಸಿತು. ಕನ್ನಡದವರೇ ಆದ ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್ ಸಹ ಮುಂದೆ ಅದರ ತೆಕ್ಕೆಗೆ ಬಿತ್ತು. ವೈಭವಕ್ಕೆ ಕೊರತೆಯಿರಲಿಲ್ಲ; ಹಣಕ್ಕೆ ಇತ್ತು. 2012ರಲ್ಲಿ ತಿಂಗಳುಗಟ್ಟಲೆ ಸಂಬಳ ಕಾಣದ ಇಂಜಿನಿಯರುಗಳೂ ಚಾಲಕರೂ ಕೆಲಸಕ್ಕೆ ಬರಲೊಪ್ಪಲಿಲ್ಲ. ಅಕ್ಟೋಬರ್ 20ರಂದು ಸರ್ಕಾರ ಪರವಾನಗಿಯನ್ನು ಅಮಾನತಿನಲ್ಲಿಟ್ಟಿತು.

ಆಗ ಮಾಲೀಕರು ತಮ್ಮ ವಿಮಾನಗಳಿಗಾಗಿ ಬಂದರು. ಆದರೆ ನಿಂತ ವಿಮಾನವನ್ನು ಕಣ್ಣಿ ಬಿಚ್ಚಿ ಹೊಡೆದುಕೊಂಡು ಹೋಗುವುದಕ್ಕೆ ಅದೇನು ಎತ್ತಲ್ಲ. 1944ರ ಷಿಕಾಗೋ ಒಪ್ಪಂದದಂತೆ ವಿಮಾನವು ನೋಂದಣಿಯಾದ ದೇಶದ ರಾಷ್ಟ್ರೀಯತೆಯನ್ನು ಪಡೆಯುತ್ತದೆ. ಏಕಕಾಲಕ್ಕೆ ಎರಡು ದೇಶಗಳಲ್ಲಿ ನೋಂದಣಿ ಸಲ್ಲದು. ನಮ್ಮ ದೇಶದ ವಿಮಾನಗಳಿಗೆ ‘ವಿಟಿ’ ಎಂಬ ಅಕ್ಷರಗಳ ಗುರುತು. ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯ ಆ ಗುರುತನ್ನು ಪುಸ್ತಕದಿಂದ ಹೊಡೆದುಹಾಕುವ ತನಕ ಅದನ್ನು ಮತ್ತೊಂದು ದೇಶದಲ್ಲಿ ನೋಂದಿಸಿ ಹಾರಿಸುವಂತಿಲ್ಲ. ಇತ್ತ ನಿಲ್ದಾಣದವರು ತಮ್ಮ ಬಾಕಿಗೆಂದು, ತೆರಿಗೆಯವರು ತಮ್ಮ ಬಾಕಿಗೆಂದು ವಿಮಾನಗಳನ್ನು ಹಿಡಿದು ನಿಲ್ಲಿಸಿದ್ದರು. ಜರ್ಮನಿಯ ಡಿವಿಬಿ ಬ್ಯಾಂಕಿನ ಬಳಗವು ಎರಡು ಏರ್‌ಬಸ್ಸುಗಳಿಗಾಗಿ ದೆಹಲಿಯ ಉಚ್ಚ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು.

ಇಂಥ ತೊಡಕನ್ನು ಬಿಡಿಸಲೆಂದೇ ಒಂದು ಅಂತರರಾಷ್ಟ್ರೀಯ ಒಪ್ಪಂದವಿದೆಯೆಂಬುದು ಸ್ವಾರಸ್ಯದ ಸಂಗತಿ. 2001ರ ನವೆಂಬರ್ 16ರಂದು ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಅದಕ್ಕೆ ಸಹಿ ಬಿದ್ದಿತು. ಭಾರತ 2008ರಲ್ಲಿ ಅದನ್ನು ಸೇರಿತು. ಐರ್ಲೆಂಡಿನ ಡಬ್ಲಿನ್ನಿನಲ್ಲಿ ಇದರ ನೋಂದಣಿ ಪುಸ್ತಕ 2006ರಿಂದ ನಡೆಯುತ್ತಿದೆ. ಪುಸ್ತಕವೆಂದರೂ ಕಾಗದವಿಲ್ಲ, ಎಲ್ಲ ಗಣಕಯಂತ್ರದ್ದೇ. ಮಾಲೀಕನ ಲಾವಣಿಯ ಹಕ್ಕು, ಬ್ಯಾಂಕಿನ ಅಡವಿನ ಹಕ್ಕು, ಹಣ ತೀರುವವರೆಗೆ ಒಡೆತನ ಉಳಿಸಿಕೊಂಡು ಮಾರಿದವನ ಹಕ್ಕು, ಈ ಮೂರನ್ನೂ ಅಲ್ಲಿ ಬರೆಸಬಹುದು. ಯಾರು ಮೊದಲು ಬರೆಸಿದರೋ ಅವರೇ ಮೊದಲು. ಸಿಬ್ಬಂದಿಯೂ ಸೇರಿ ಕನಿಷ್ಠ 8 ಜನ ಕೂರುವಷ್ಟು ದೊಡ್ಡ ವಿಮಾನಗಳು ಇದರ ವ್ಯಾಪ್ತಿಗೆ ಬರುತ್ತವೆ.

ಇಂಜಿನ್ನಿನ ಲೆಕ್ಕವೇ ಬೇರೆ. ದುರಸ್ತಿಯ ವೇಳೆ ಒಂದು ವಿಮಾನದ ಇಂಜಿನ್ನನ್ನು ಬಿಚ್ಚಿ ಇನ್ನೊಂದಕ್ಕೆ ಜೋಡಿಸುವುದು ನಿತ್ಯದ ಕೆಲಸ. ಒಬ್ಬನ ಎತ್ತನ್ನು ಇನ್ನೊಬ್ಬನ ಬಂಡಿಗೆ ಹೂಡಿದ ಮಾತ್ರಕ್ಕೆ ಎತ್ತು ಬಂಡಿಯವನದಾಗದಷ್ಟೆ! ಒಪ್ಪಂದವೂ ಇಂಜಿನ್ನನ್ನು ಪ್ರತ್ಯೇಕ ಸೊತ್ತೆಂದೇ ಎಣಿಸುತ್ತದೆ. ಇನ್ನು, ವಿಮಾನವನ್ನು ಪಡೆಯುವಾಗಲೇ ಕಂಪನಿಯು ಒಂದು ಅಧಿಕಾರಪತ್ರವನ್ನು ಬರೆದುಕೊಡಬಹುದು. ‘ನಾನು ತಪ್ಪಿದರೆ ಈತ ಕೇಳಿದೊಡನೆ ನೋಂದಣಿ ಅಳಿಸಿ, ವಿಮಾನವನ್ನು ದೇಶದಾಚೆ ಒಯ್ಯಲು ಬಿಡಿ’ ಎಂಬುದು ಅದರ ಸಾರ. ರದ್ದಾಗದ ಈ ಪತ್ರವೇ ಮಾಲೀಕನ ಬ್ರಹ್ಮಾಸ್ತ್ರ. 2015ರ ಮಾರ್ಚಿಯಲ್ಲಿ ಸ್ಪೈಸ್‌ಜೆಟ್‌ನ ಬೋಯಿಂಗುಗಳ ವಿಚಾರದಲ್ಲಿ ದೆಹಲಿಯ ನ್ಯಾಯಾಲಯ ಅದರ ಬಲವನ್ನು ಮನ್ನಿಸಿತು.

ಆದರೂ ಬೇಲಿಯಲ್ಲೊಂದು ಕಂಡಿ ಉಳಿದಿತ್ತು. ಒಪ್ಪಂದಕ್ಕೆ ಸೇರಿದ ಸರ್ಕಾರ ಅದಕ್ಕೆ ತಕ್ಕ ಕಾನೂನನ್ನು ಮಾತ್ರ ಮಾಡಿರಲಿಲ್ಲ. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಕಂಪನಿ ತಾನೇ ದಿವಾಳಿ ನ್ಯಾಯಮಂಡಲಿಗೆ ಹೋಯಿತು. ದಿವಾಳಿ ಸಂಹಿತೆಯ 14ನೆಯ ಕಲಮು ಅಂಥ ಕಂಪನಿಯ ವಶದಲ್ಲಿರುವ ಪರರ ಸೊತ್ತನ್ನೂ ಮುಟ್ಟಗೊಡದು. ಆದ್ದರಿಂದ 54 ವಿಮಾನಗಳು ಇದ್ದಲ್ಲೇ ನಿಂತವು; ಬಿಡಿಭಾಗಗಳು ಮಾಯವಾಗುತ್ತಿವೆಯೆಂದು ಮಾಲೀಕರು ದೂರಿದರು. ಅಕ್ಟೋಬರ್ 3ರಂದು ಕೇಂದ್ರ ಸರ್ಕಾರ ವಿಮಾನಗಳಿಗೆ ಆ ಕಲಮಿನಿಂದ ವಿನಾಯಿತಿ ಕೊಟ್ಟಿತು. ಕೊನೆಗೆ 2024ರ ಏಪ್ರಿಲ್ 26ರಂದು, ಐದು ಕೆಲಸದ ದಿನಗಳೊಳಗೆ ನೋಂದಣಿಗಳನ್ನು ಅಳಿಸಬೇಕೆಂದು ಉಚ್ಚ ನ್ಯಾಯಾಲಯ ಅಪ್ಪಣೆಮಾಡಿತು. ಒಂದು ವರ್ಷ ಹೀಗೆ ಕಳೆಯಿತು. ವಿಮಾನ ಮರಳಿ ಬರುವ ಭರವಸೆಯಿಲ್ಲದ ನಾಡಿಗೆ ಯಾರು ತಾನೆ ಅಗ್ಗವಾಗಿ ಬಾಡಿಗೆಗೆ ಕೊಟ್ಟಾರು? ಆ ಹೆಚ್ಚಳ ಸುತ್ತಿಬಳಸಿ ಪ್ರಯಾಣಿಕನ ಟಿಕೇಟಿನ ಮೇಲೆಯೇ ಕೂರುವುದು.

2025ರಲ್ಲಿ ಸಂಸತ್ತು ವಿಮಾನ ಸೊತ್ತುಗಳ ಹಿತರಕ್ಷಣೆಯ ಕಾಯಿದೆಯನ್ನು ಅಂಗೀಕರಿಸಿತು. ಒಪ್ಪಂದಕ್ಕೂ ದೇಶದ ಇತರ ಕಾನೂನಿಗೂ ವಿರೋಧ ಬಂದರೆ ಒಪ್ಪಂದದ ಮಾತೇ ನಡೆಯತಕ್ಕದ್ದು. ಕಂಪನಿ ದಿವಾಳಿಯೆದ್ದರೆ ಎರಡು ತಿಂಗಳ ಅವಧಿ. ಅಷ್ಟರಲ್ಲಿ ಬಾಕಿ ಚುಕ್ತಾ ಆಗದಿದ್ದರೆ ವಿಮಾನವನ್ನು ಒಪ್ಪಿಸಬೇಕು.

ಸಂಬಳ ಕಾಣದ ನೌಕರರ ಗತಿಯೇನೆಂದು ಓದುಗರು ಕೇಳಬಹುದು, ಕೇಳಲೇಬೇಕಾದ ಮಾತು. ಒಪ್ಪಂದವನ್ನು ಸೇರುವಾಗ ಭಾರತ ಕೆಲವು ಹಕ್ಕುಗಳನ್ನು ಮಾಲೀಕನ ಹಕ್ಕಿಗಿಂತ ಮೇಲಿರಿಸಿತು: ವಿಮಾನದ ಬಳಕೆಗೆ ಸಂಬಂಧಿಸಿದ ಸರ್ಕಾರಿ ಬಾಕಿ, ವಿಮಾನವನ್ನು ತನ್ನ ವಶದಲ್ಲಿಟ್ಟುಕೊಂಡಿರುವ ದುರಸ್ತಿಗಾರನ ಕೂಲಿ, ಮತ್ತು ನೌಕರರ ವೇತನ. ಆದರೆ ವೇತನಕ್ಕೊಂದು ಕಟ್ಟು ಇದೆ. ಕಂಪನಿ ಬಾಡಿಗೆಗೆ ತಪ್ಪಿತೆಂದು ಸಾರಿದ ದಿನದಿಂದಾಚೆಗೆ ದುಡಿದ ಸಂಬಳಕ್ಕೆ ಮಾತ್ರ ಈ ಮೇಲುಹಕ್ಕು. ಮಾಲೀಕನಿಗೆ ಬಾಡಿಗೆ ಸರಿಯಾಗಿ ಸಲ್ಲುತ್ತಿದ್ದ ಕಾಲದಲ್ಲೇ ಬಾಕಿ ಬಿದ್ದ ಸಂಬಳಕ್ಕೆ ವಿಮಾನ ಜಾಮೀನಲ್ಲ. ಅದಕ್ಕೆ ನೌಕರನು ದಿವಾಳಿ ಕಂಪನಿಯ ಅಳಿದುಳಿದ ಆಸ್ತಿಯ ಮುಂದೆ ಮಿಕ್ಕ ಸಾಲಿಗರ ಜೊತೆಗೇ ಸರದಿ ಕಾಯಬೇಕು.