ಸಾಲ ತೀರಿಸಲು ಗಂಡ ಹೆಂಡತಿಯ ಒಂದೇ ಲೆಕ್ಕ

ಮಾಲೂರು ತಾಲ್ಲೂಕಿನ ಟೇಕಲ್ ಸುತ್ತಮುತ್ತ ಮನೆಯ ಆದಾಯ ಒಂದೇ ದಿನ ಬರುವುದಿಲ್ಲ. ಡೇರಿಯ ಹಾಲಿನ ಬಟವಾಡೆ, ಕೂಲಿ, ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ, ಒಂದೊಂದಕ್ಕೂ ಒಂದೊಂದು ದಿನ. ಸಂಘದ ಸಾಲದ ಕಂತಿಗೆ ಮಾತ್ರ ದಿನ ನಿಗದಿ.

ಹೀಗಿರುವಾಗ ಸಾಲ ತೀರಿಸಲು ಮೊದಲ ಕೆಲಸ, ಗಂಡ ಹೆಂಡತಿ ಇಬ್ಬರ ಸಾಲವನ್ನೂ ಒಂದೇ ಪುಸ್ತಕದಲ್ಲಿ ಬರೆಯುವುದು: ಅಸಲು, ಬಡ್ಡಿ, ಕಂತಿನ ದಿನ.

ಎರಡನೆಯದು, ದಿನಸಿ, ಹಸುವಿನ ಬೂಸಾ, ಮಕ್ಕಳ ಶುಲ್ಕ, ಕಂತು, ಇಷ್ಟನ್ನು ಹಣ ಬಂದ ದಿನವೇ ತೆಗೆದಿಡುವುದು.

ಮಿಕ್ಕಿದ್ದು ಹೆಚ್ಚು ಬಡ್ಡಿಯ ಸಾಲಕ್ಕೆ. ನೂರಕ್ಕೆ ತಿಂಗಳಿಗೆ 3 ರೂಪಾಯಿ ಎಂದರೆ ವರ್ಷಕ್ಕೆ ಶೇ 36. ಬ್ಯಾಂಕಿನ ಒಡವೆ ಸಾಲಕ್ಕಿಂತ ಮೊದಲು ತೀರಬೇಕಾದದ್ದು ಅದು.

ರಿಸರ್ವ್ ಬ್ಯಾಂಕಿನ ನಿಯಮದಂತೆ, ಕುಟುಂಬದ ಒಟ್ಟು ಕಂತು ತಿಂಗಳ ಆದಾಯದ ಅರ್ಧ ಮೀರುವಂತೆ ಕಿರುಸಾಲ (ಮೈಕ್ರೋಫೈನಾನ್ಸ್) ಕೊಡುವಂತಿಲ್ಲ. ಕಿರುಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ದಂಡವೂ ಇಲ್ಲ.