ತೆಳುಗಾಳಿಯ ಊರಿನ ಓಟದ ಮೇಷ್ಟ್ರು

ಒಬ್ಬ ಓಟಗಾರನ ಕಣ್ಣಿಗೆ ಬಟ್ಟೆ ಕಟ್ಟಿ, ಕಡಲ ತೀರದಿಂದ 2,400 ಮೀಟರ್ ಎತ್ತರದ ಊರಿಗೆ ಕರೆದೊಯ್ದು ಬಿಡಿ. ಎಲ್ಲಿಗೆ ಬಂದೆನೆಂದು ಅವನಿಗೆ ತಿಳಿಯದು. ಅವನ ಕಿಡ್ನಿಗೆ ತಿಳಿಯುತ್ತದೆ! ಕೆಲವೇ ಗಂಟೆಗಳಲ್ಲಿ ಅದು ಎರಿತ್ರೋಪೊಯೆಟಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಹರಿಯಬಿಟ್ಟು, ಎಲುಬುಗಳೊಳಗಿನ ಮಜ್ಜೆಗೆ ಹೇಳಿ ಕಳಿಸುತ್ತದೆ: ಕೆಂಪು ಕಣಗಳು ಸಾಲವು, ಇನ್ನಷ್ಟು ಮಾಡು. ಸುಮ್ಮನಿದ್ದಾಗಲೇ ಸೆಕೆಂಡಿಗೆ 20 ಲಕ್ಷದಷ್ಟು ಕೆಂಪು ಕಣ ಹುಟ್ಟಿಸುವ ಮಜ್ಜೆ ಆ ಮಾತು ಕೇಳಿ ಇನ್ನೂ ಚುರುಕಾಗುತ್ತದೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಅಲ್ಲೂ ಶೇಕಡಾ 21ರಷ್ಟೇ. ಬದಲಾದದ್ದು ಗಾಳಿಯ ಒತ್ತಡ. ಅದು ಕಡಲ ಮಟ್ಟದ ಮುಕ್ಕಾಲು ಪಾಲಿಗೆ ಇಳಿದಿದೆ, ಅಂದರೆ ಎಳೆದುಕೊಂಡ ಪ್ರತಿ ಉಸಿರಿನಲ್ಲೂ ಕಾಲು ಭಾಗ ಖೋತಾ.

ಕಿಡ್ನಿಗೆ ಇದು ಗೊತ್ತಾಗುವ ಬಗೆಯಂತೂ ಇನ್ನೂ ವಿಸ್ಮಯ. ನಮ್ಮ ಜೀವಕೋಶಗಳು ಎಚ್‌ಐಎಫ್ ಎಂಬ ಪ್ರೋಟೀನನ್ನು ಹಗಲಿರುಳು ತಯಾರಿಸುತ್ತವೆ, ಹಗಲಿರುಳು ನಾಶವನ್ನೂ ಮಾಡುತ್ತವೆ. ಇದೆಂಥ ದುಂದು ಎನಿಸಬಹುದು. ಆದರೆ ಗುಟ್ಟಿರುವುದೇ ಇಲ್ಲಿ! ನಾಶ ಮಾಡುವ ಕೆಲಸಕ್ಕೆ ಆಮ್ಲಜನಕ ಬೇಕು. ಆಮ್ಲಜನಕ ಕಡಿಮೆಯಾದ ಕ್ಷಣ ನಾಶದ ಕೆಲಸ ಕುಂಟುತ್ತದೆ, ಪ್ರೋಟೀನು ಉಳಿದುಕೊಳ್ಳುತ್ತದೆ, ನೇರವಾಗಿ ಜೀನಿನ ಬಳಿ ಹೋಗಿ ಹಾರ್ಮೋನನ್ನು ಹೊರಡಿಸುತ್ತದೆ. ಹೊಸದಾಗಿ ಏನನ್ನೂ ಮಾಡಬೇಕಾಗಿಲ್ಲ, ಆಗುತ್ತಿದ್ದ ಒಂದು ಕೆಲಸ ನಿಂತರೆ ಸಾಕು. ಈ ಗುಟ್ಟನ್ನು ಬಿಡಿಸಿದ ವಿಲಿಯಂ ಕೇಲಿನ್, ಪೀಟರ್ ರ‍್ಯಾಟ್‌ಕ್ಲಿಫ್ ಮತ್ತು ಗ್ರೆಗ್ ಸೆಮೆಂಜಾ ಅವರಿಗೆ 2019ರ ನೊಬೆಲ್ ಬಂತು. ಅದೆಷ್ಟೋ ಸಾವಿರ ವರ್ಷಗಳಿಂದ ಬೆಟ್ಟ ಹತ್ತುತ್ತಿರುವ ಮನುಷ್ಯನಿಗೆ, ತನ್ನೊಳಗೆ ಏನಾಗುತ್ತಿದೆ ಎಂಬುದು ನಮ್ಮ ಕಾಲದಲ್ಲಿ ಗೊತ್ತಾಯಿತು!

ಕ್ರೀಡಾಲೋಕಕ್ಕೆ ಎತ್ತರದ ಅರಿವಾದದ್ದು 1968ರ ಮೆಕ್ಸಿಕೊ ಸಿಟಿ ಒಲಿಂಪಿಕ್ಸ್‌ನಲ್ಲಿ. ಆ ನಗರದ ಎತ್ತರ 2,240 ಮೀಟರ್. ನಮ್ಮ ಮೈಸೂರಿನವರು ಬಂಡೀಪುರ ದಾಟಿ ಹೋಗುವ ಊಟಿಯ ಎತ್ತರವೂ ಸರಿಸುಮಾರು ಅಷ್ಟೇ! ಬಾಬ್ ಬೀಮನ್ ಅಲ್ಲಿ 8.90 ಮೀಟರ್ ಹಾರಿ ಜಗತ್ತನ್ನೇ ದಂಗುಬಡಿಸಿದರು. ತೆಳುಗಾಳಿ ಹಾರುವವರನ್ನು, ಚಿಕ್ಕ ಓಟದವರನ್ನು ಅಷ್ಟಾಗಿ ತಡೆಯುವುದಿಲ್ಲ. ಅದೇ ಗಾಳಿ ದೂರ ಓಡುವವರ ಉಸಿರು ಕಸಿಯಿತು. 10,000 ಮೀಟರ್‌ನಲ್ಲಿ 27 ನಿಮಿಷ 39.4 ಸೆಕೆಂಡುಗಳ ವಿಶ್ವದಾಖಲೆ ಹೊಂದಿದ್ದ ಆಸ್ಟ್ರೇಲಿಯಾದ ರಾನ್ ಕ್ಲಾರ್ಕ್ ಆರನೆಯವರಾಗಿ ಗುರಿ ಮುಟ್ಟಿ ಕುಸಿದುಬಿದ್ದರು, ಅವರಿಗೆ ಆಮ್ಲಜನಕ ಕೊಡಬೇಕಾಯಿತು. ಗೆದ್ದವರು ಕೆನ್ಯಾದ ನಫ್ತಾಲಿ ತೆಮು, ಎರಡನೆಯವರು ಇಥಿಯೋಪಿಯಾದ ಮಾಮೊ ವೊಲ್ಡೆ. ಗೆಲುವಿನ ಸಮಯ ಮಾತ್ರ ಕ್ಲಾರ್ಕ್ ದಾಖಲೆಗಿಂತ ಒಂದೂಮುಕ್ಕಾಲು ನಿಮಿಷದಷ್ಟು ನಿಧಾನ. ಆದರೆ 1,500 ಮೀಟರ್‌ನಲ್ಲಿ ಕೆನ್ಯಾದ ಕಿಪ್ ಕೀನೊ ಆ ಗಾಳಿಯಲ್ಲೇ 3 ನಿಮಿಷ 34.9 ಸೆಕೆಂಡುಗಳಲ್ಲಿ ಓಡಿ, ಆಗಿನ ವಿಶ್ವದಾಖಲೆಯ ಒಡೆಯ ಜಿಮ್ ರಯನ್ ಅವರನ್ನು ಸುಮಾರು ಮೂರು ಸೆಕೆಂಡು ಹಿಂದಿಕ್ಕಿದರು. ಅಂದಿನಿಂದ ಕೋಚ್‌ಗಳೆಲ್ಲ ಬೆಟ್ಟದ ಕಡೆ ಮುಖ ಮಾಡಿದರು.

ಹತ್ತಿದವರಿಗೆ ಒಂದು ಇಕ್ಕಟ್ಟು ಎದುರಾಯಿತು. ಎತ್ತರದಲ್ಲಿ ರಕ್ತ ಬೆಳೆಯುತ್ತದೆ ನಿಜ, ಆದರೆ ಅಲ್ಲಿ ಜೋರಾಗಿ ಓಡಲಾಗದು; ಜೋರಾಗಿ ಓಡದಿದ್ದರೆ ಕಾಲು ವೇಗ ಮರೆಯುತ್ತದೆ. ಅಮೆರಿಕದ ಬೆಂಜಮಿನ್ ಲೆವಿನ್ ಮತ್ತು ಜಿಮ್ ಸ್ಟ್ರೇ-ಗುಂಡರ್ಸನ್ 39 ಓಟಗಾರರನ್ನು ಮೂರು ಗುಂಪು ಮಾಡಿ ನಾಲ್ಕು ವಾರ ತಾಲೀಮು ಮಾಡಿಸಿದರು. 2,500 ಮೀಟರ್‌ನಲ್ಲಿ ಉಂಡು ಮಲಗಿ, 1,250 ಮೀಟರ್‌ಗೆ ಇಳಿದು ಓಡಿದ ಗುಂಪು ಕಡಲ ಮಟ್ಟಕ್ಕೆ ಮರಳಿದಾಗ 5,000 ಮೀಟರ್ ಓಟದಲ್ಲಿ ಸರಾಸರಿ 13 ಸೆಕೆಂಡು ಉಳಿಸಿತ್ತು! 1997ರಲ್ಲಿ ಈ ಫಲಿತಾಂಶ ಪ್ರಕಟವಾದ ಮೇಲೆ ಎತ್ತರದಲ್ಲಿ ವಾಸ, ತಗ್ಗಿನಲ್ಲಿ ತಾಲೀಮು ಎಂಬುದು ಕೋಚ್‌ಗಳ ಮಂತ್ರವಾಯಿತು. ನಮ್ಮ ದೇಶದ ದೂರದ ಓಟಗಾರರು, ನಡಿಗೆಯ ಸ್ಪರ್ಧಿಗಳು ಊಟಿಗೆ ಶಿಬಿರಕ್ಕೆ ಹೋಗುವುದು ಇದೇ ರಕ್ತದ ಆಸೆಗೆ. ಸೈನಿಕನಾಗಿ ಸಿಯಾಚಿನ್‌ನಲ್ಲಿ ಕಾವಲು ಕಾದಿದ್ದ ಅವಿನಾಶ್ ಸಾಬ್ಳೆ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್‌ನ ಎತ್ತರದಲ್ಲಿ ತಾಲೀಮು ಮಾಡಿ, 2022ರ ಕಾಮನ್‌ವೆಲ್ತ್ ಕೂಟದ ಸ್ಟೀಪಲ್‌ಚೇಸ್‌ನಲ್ಲಿ ಕೆನ್ಯಾದವರ ನಡುವೆ ನುಗ್ಗಿ ಬೆಳ್ಳಿ ತಂದರು.

ಹಾಗಾದರೆ ಎತ್ತರವೇ ಎಲ್ಲವೂ ಆಯಿತೇ? ಈ ಪ್ರಶ್ನೆ ನನ್ನನ್ನು ಬಹಳ ಕಾಡಿದೆ. ಬೊಲಿವಿಯಾ ನೋಡಿ. ಲಾ ಪಾಜ್ ನಗರ 3,600 ಮೀಟರ್ ಮೇಲಿದೆ, ಲಕ್ಷಾಂತರ ಜನ ಹುಟ್ಟಿ ಬೆಳೆಯುವುದೇ ಆ ತೆಳುಗಾಳಿಯಲ್ಲಿ. ಆದರೂ 2024ರ ಪ್ಯಾರಿಸ್‌ವರೆಗೆ ಆ ದೇಶಕ್ಕೆ ಒಂದೇ ಒಂದು ಒಲಿಂಪಿಕ್ ಪದಕ ಬಂದಿಲ್ಲ, ಯಾವ ಆಟದಲ್ಲೂ! ಬೆಟ್ಟ ಕೊಡುವುದು ರಕ್ತ. ಆ ರಕ್ತವನ್ನು ಓಟವಾಗಿಸಲು ಮನುಷ್ಯ ಬೇಕು.

ಅಂಥ ಒಬ್ಬರ ಕತೆ ಕೆನ್ಯಾದ ಇಟೆನ್‌ನಲ್ಲಿದೆ. ರಿಫ್ಟ್ ಕಣಿವೆಯ ಅಂಚಿನಲ್ಲಿ, 2,400 ಮೀಟರ್ ಎತ್ತರದ ಸಣ್ಣ ಊರು ಅದು. ಕೆಳಗೆ ಕೆರಿಯೊ ಕಣಿವೆ ಒಮ್ಮೆಗೇ ಪಾತಾಳಕ್ಕೆ ಇಳಿದುಬಿಡುತ್ತದೆ. 1976ರಲ್ಲಿ ಐರ್ಲೆಂಡಿನಿಂದ ಕಾಲ್ಮ್ ಓ'ಕಾನೆಲ್ ಎಂಬ ಕ್ರೈಸ್ತ ಬ್ರದರ್ ಅಲ್ಲಿನ ಸೇಂಟ್ ಪ್ಯಾಟ್ರಿಕ್ಸ್ ಹುಡುಗರ ಶಾಲೆಗೆ ಭೂಗೋಳದ ಮೇಷ್ಟ್ರಾಗಿ ಬಂದರು. ಅಥ್ಲೆಟಿಕ್ಸ್‌ನ ಗಂಧಗಾಳಿ ಅವರಿಗಿರಲಿಲ್ಲ. ಓಟದ ಮಕ್ಕಳ ಹೊಣೆ ಹೆಗಲಿಗೆ ಬಿತ್ತು, ಹೊತ್ತುಕೊಂಡರು. ಊರಿಗೆ ವಾಪಸಾಗಲೇ ಇಲ್ಲ!

ಆ ಒಂದು ಶಾಲೆಯಿಂದ ಹೊರಟವರನ್ನು ಕೇಳಿ. ಬೋಸ್ಟನ್ ಮ್ಯಾರಥಾನ್ ಗೆದ್ದ ಮೊದಲ ಆಫ್ರಿಕನ್ ಇಬ್ರಾಹಿಂ ಹುಸೇನ್. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ 1,500 ಮೀಟರ್ ಚಿನ್ನ ಗೆದ್ದ ಪೀಟರ್ ರೊನೊ. 1992ರ ಸ್ಟೀಪಲ್‌ಚೇಸ್ ಚಿನ್ನದ ಮ್ಯಾಥ್ಯೂ ಬಿರಿರ್. ಸೆಬಾಸ್ಟಿಯನ್ ಕೋ ಅವರ 800 ಮೀಟರ್ ದಾಖಲೆ ಮುರಿದ ವಿಲ್ಸನ್ ಕಿಪ್‌ಕೆಟರ್. ಗೆದ್ದವರ ಹೆಸರಿನಲ್ಲಿ ಶಾಲೆಯ ಆವರಣದಲ್ಲಿ ಗಿಡ ನೆಡುವ ಪದ್ಧತಿಯಿದೆ. ಹುಡುಗಿಯರು ಹೊರಗುಳಿಯಬಾರದೆಂದು ಬ್ರದರ್ ಬೇರೆಯೇ ಶಿಬಿರ ತೆರೆದರು. 2007ರಲ್ಲಿ 800 ಮೀಟರ್ ವಿಶ್ವ ಚಾಂಪಿಯನ್ ಆದ ಜಾನೆತ್ ಜೆಪ್ಕೊಸ್ಗೈ ಅವರ ಗರಡಿಯವರೇ.

ಅವರು ಕಲಿಸಿದ್ದೇನು? ಇಲ್ಲಿ ನನ್ನ ಬೆರಗು ಇಮ್ಮಡಿಸುತ್ತದೆ. ಹೆಚ್ಚಾಗಿ ಕಲಿಸಿದ್ದು ನಿಧಾನ. ಕೈಗಳ ಬೀಸು, ಭುಜದ ಸಡಿಲಿಕೆ, ಹೆಜ್ಜೆಯ ಲಯ. ಮಕ್ಕಳನ್ನು ದಣಿಸದೆ ಕಾಯುವುದು. ಎತ್ತರದಲ್ಲಿ ಇದಕ್ಕಿಂತ ದೊಡ್ಡ ವಿದ್ಯೆ ಇಲ್ಲ ಎಂದು ದೇಹಶಾಸ್ತ್ರವೂ ಹೇಳುತ್ತದೆ. ಹೊಸದಾಗಿ ಮೇಲೆ ಬಂದ ಓಟಗಾರನ ರಕ್ತದ ನೀರಿನಂಶ ಮೊದಲ ದಿನಗಳಲ್ಲೇ ಕುಗ್ಗುತ್ತದೆ, ಉಸಿರು ಏರುತ್ತದೆ, ನಿದ್ದೆ ಕೆಡುತ್ತದೆ. ಕಡಲ ಮಟ್ಟದಲ್ಲಿ ಹಗುರವಾಗಿದ್ದ ವೇಗ ಇಲ್ಲಿ ಎದೆ ಸುಡುತ್ತದೆ. ಗಡಿಯಾರ ನೋಡಿ ಹಟಕ್ಕೆ ಬಿದ್ದವನು ಒಂದೇ ವಾರದಲ್ಲಿ ಸುಸ್ತಾಗಿ ಮಲಗುತ್ತಾನೆ. ಹೊಸ ಕೆಂಪು ಕಣಗಳ ಫಸಲು ಕೈಗೆ ಬರಲು ಮೂರು ನಾಲ್ಕು ವಾರ ಬೇಕು. ಅಷ್ಟೂ ದಿನ ಅವನನ್ನು ತಡೆದು ನಿಲ್ಲಿಸುವುದೇ ಕೋಚ್‌ನ ಕೆಲಸ. ದೇಹದಲ್ಲಿ ಕಬ್ಬಿಣಾಂಶ ಕಡಿಮೆಯಿದ್ದರೆ ಕಿಡ್ನಿ ಎಷ್ಟು ಹೇಳಿ ಕಳಿಸಿದರೂ ಮಜ್ಜೆಗೆ ಏನೂ ಮಾಡಲಾಗದು. ಆದ್ದರಿಂದ ಬೆಟ್ಟ ಹತ್ತುವ ಮೊದಲೇ ಕೋಚ್‌ಗಳು ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸುತ್ತಾರೆ.

ಇಟೆನ್‌ನ ಕೆಮ್ಮಣ್ಣಿನ ದಾರಿಗಳಲ್ಲಿ ಬೆಳಗಿನ ಜಾವ ಹೊರಡುವ ಗುಂಪುಗಳು ಮೊದಲ ಹೆಜ್ಜೆಗಳನ್ನು ಎಷ್ಟು ಮೆಲ್ಲಗೆ ಇಡುತ್ತವೆಂದರೆ, ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಓಡುವ ಹವ್ಯಾಸಿಗಳೂ ಜೊತೆಗೂಡಬಹುದು. ಆಮೇಲೆ, ಯಾರೂ ಹೇಳದೆಯೇ, ವೇಗ ತಾನಾಗಿ ಏರುತ್ತದೆ. ಗುರುವಾರ ಬಂತೆಂದರೆ ಬೇರೆಯೇ ಲೋಕ! ಅಂದು ಫಾರ್ಟ್‌ಲೆಕ್. ಒಂದು ನಿಮಿಷ ಬಿರುಸು, ಒಂದು ನಿಮಿಷ ಸಾವಕಾಶ, ಮತ್ತೆ ಬಿರುಸು. ಒಲಿಂಪಿಕ್ ವಿಜೇತರು, ಶೂ ಕೊಳ್ಳಲು ಪರದಾಡುವ ಹುಡುಗರು, ವಿದೇಶದಿಂದ ಬಂದವರು, ನೂರಾರು ಮಂದಿ ಒಟ್ಟಿಗೆ ಧೂಳೆಬ್ಬಿಸುತ್ತಾರೆ. ಓಡಿ ಬಂದವರಿಗೆ ಹಾಲು ಹಾಕಿದ ಸಿಹಿ ಚಹಾ, ಊಟಕ್ಕೆ ಸೊಪ್ಪಿನ ಪಲ್ಯದೊಂದಿಗೆ ಮೆಕ್ಕೆಜೋಳದ ಹಿಟ್ಟಿನ ಉಗಾಲಿ. ನಮ್ಮ ರಾಗಿಮುದ್ದೆ ಉಂಡು ಬೆಳೆದವರಿಗೆ ಆ ತಟ್ಟೆ ಅಪರಿಚಿತವೆನಿಸದು.

ಈ ಬ್ರದರ್‌ನ ಶಿಬಿರಕ್ಕೇ ಮಾಸಾಯಿ ಸಮುದಾಯದ ಉದ್ದನೆಯ ಹುಡುಗನೊಬ್ಬ ಬಂದ. ಹೆಸರು ಡೇವಿಡ್ ರುಡಿಶಾ. ಅವನ ತಂದೆ ಡೇನಿಯಲ್ ರುಡಿಶಾ ಅದೇ ಮೆಕ್ಸಿಕೊ ಸಿಟಿಯಲ್ಲಿ, 1968ರಲ್ಲಿ, 4x400 ರಿಲೇ ಬೆಳ್ಳಿ ಗೆದ್ದವರು! 2010ರಲ್ಲಿ ಡೇವಿಡ್ ಮುರಿದದ್ದು ಅದೇ ಶಾಲೆಯ ಕಿಪ್‌ಕೆಟರ್ ಅವರ 800 ಮೀಟರ್ ವಿಶ್ವದಾಖಲೆಯನ್ನು. 2012ರ ಆಗಸ್ಟ್ 9ರಂದು ಲಂಡನ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಗುಂಡು ಸಿಡಿದಾಗ ಡೇವಿಡ್ ಯಾರ ಬೆನ್ನನ್ನೂ ಹಿಡಿಯಲಿಲ್ಲ. ವೇಗ ಕಾಯ್ದುಕೊಡುವವರಿಲ್ಲದೆ ತಾವೇ ಮುಂದೆ ನುಗ್ಗಿದರು, ಮೊದಲ ಸುತ್ತು 49.28 ಸೆಕೆಂಡಿನಲ್ಲಿ ಮುಗಿಯಿತು. ಭುಜ ಸಡಿಲ, ತಲೆ ನೆಟ್ಟಗೆ, ಹೆಜ್ಜೆ ಒಂದೇ ಲಯ. 1 ನಿಮಿಷ 40.91 ಸೆಕೆಂಡು! ಮತ್ತೆ ವಿಶ್ವದಾಖಲೆ. ಅವರ ಹಿಂದೆ ಉಸಿರುಗಟ್ಟಿ ಓಡಿದ ಉಳಿದವರಲ್ಲಿ ಹೆಚ್ಚಿನವರೂ ತಮ್ಮನ್ನು ತಾವು ಮೀರಿಬಿಟ್ಟಿದ್ದರು. ಕಟ್ಟಕಡೆಗೆ, ಎಂಟನೆಯವರಾಗಿ ಬಂದ ಬ್ರಿಟನ್ನಿನ ಆಂಡ್ರ್ಯೂ ಒಸಾಗಿ ಅವರ ಸಮಯ 1 ನಿಮಿಷ 43.77 ಸೆಕೆಂಡು. ಹಿಂದಿನ ಮೂರೂ ಒಲಿಂಪಿಕ್ಸ್‌ಗಳಲ್ಲಿ ಆ ಸಮಯಕ್ಕೆ ಚಿನ್ನ ಸಿಗುತ್ತಿತ್ತು.